ಸ್ಪ್ಯಾನಿಷ್ ಮಾತಾಡುವವರಿಗೆ ಪೋರ್ಚುಗೀಸ್ ಉಚ್ಚಾರಣೆ: ‘ತಾ ಫ಼ಲಾದು’ ಧ್ವನಿಪಾಠಗಳ ವಿಮರ್ಶೆ

ಸ್ಪ್ಯಾನಿಷ್ ಬಲ್ಲವರು ಪೋರ್ಚುಗೀಸ್ ಪತ್ರಿಕೆಯನ್ನು ಕೈಗೆತ್ತಿಕೊಂಡರೆ ಯಾವ ಪಾಠವೂ ಇಲ್ಲದೆ ಬಹುಪಾಲು ಅರ್ಥ ಮಾಡಿಕೊಳ್ಳುತ್ತಾರೆ. ಅದೇ ಸುದ್ದಿಯನ್ನು ರೇಡಿಯೊದಲ್ಲಿ ಕೇಳಿದರೆ ಅರ್ಧಕ್ಕೇ ಕೈಚೆಲ್ಲುತ್ತಾರೆ. ಎರಡು ಭಾಷೆಗಳ ಪದಗಳು ಹತ್ತಿರ, ದನಿಗಳು ದೂರ. ಹೀಗಾಗಿ ಸೊನ್ನೆಯಿಂದ ಶುರುವಾಗುವ ಸಾಮಾನ್ಯ ಕೋರ್ಸು ಇವರಿಗೆ ಬೇಗ ಬೇಸರ ತರಿಸುತ್ತದೆ. ಪದ, ವ್ಯಾಕರಣ ಸರಸರನೆ ಮುಗಿಯುತ್ತವೆ, ಉಚ್ಚಾರಣೆ ಮಾತ್ರ ಸ್ಪ್ಯಾನಿಷಿನದೇ ಉಳಿದುಬಿಡುತ್ತದೆ.

ಈ ಕೊರತೆಗೇ ನೇರವಾಗಿ ಕೈಹಾಕಿದ ಸಾಮಗ್ರಿ, ಆಸ್ಟಿನ್‌ನಲ್ಲಿರುವ ಟೆಕ್ಸಸ್ ವಿಶ್ವವಿದ್ಯಾಲಯ ಹೊರತಂದ ‘ತಾ ಫ಼ಲಾದು’ ಎಂಬ ಪಾಡ್‌ಕಾಸ್ಟ್ ಸರಣಿ. ಬ್ರೆಜಿಲ್‌ನ ಪೋರ್ಚುಗೀಸನ್ನು ಸ್ಪ್ಯಾನಿಷ್ ಬಲ್ಲವರಿಗಾಗಿಯೇ ಹೇಳಿಕೊಡುವ ಪಾಠಗಳಿವು. ದುಡ್ಡು ಕೊಡಬೇಕಾಗಿಲ್ಲ, ಧ್ವನಿ ಕಡತಗಳನ್ನೂ ಪಾಠದ ಬರಹರೂಪವನ್ನೂ ಇಳಿಸಿಕೊಳ್ಳಬಹುದು. ಉಚ್ಚಾರಣೆಗೆ ಒಂದು ಸರಣಿ, ವ್ಯಾಕರಣಕ್ಕೆ ಇನ್ನೊಂದು. ಇಲ್ಲಿ ಹೇಳುತ್ತಿರುವುದು ಮೊದಲನೆಯದರ ಬಗ್ಗೆ. ಬ್ರೆಜಿಲ್‌ನ ಪೋರ್ಚುಗೀಸ್ ಕಲಿಸುವ ಯಾರೇ ಆದರೂ ಮೊದಲು ಕೈಗೆತ್ತಿಕೊಳ್ಳಬೇಕಾದದ್ದು ಇದನ್ನೇ ಎಂಬುದು ನಮ್ಮ ಅಭಿಪ್ರಾಯ. ಆದರೆ ಇದೊಂದರಿಂದಲೇ ಕೆಲಸ ಮುಗಿಯುವುದಿಲ್ಲ. ಪಾಡ್‌ಕಾಸ್ಟ್ ದನಿಯನ್ನು ಕೇಳಿಸುತ್ತದೆ, ಕಲಿಯುವವರ ಬಾಯಿಂದ ಏನು ಬಂತು ಎಂದು ಕೇಳಿಸಿಕೊಳ್ಳುವುದಿಲ್ಲ. ಆ ಅರ್ಧವನ್ನು ಶಿಕ್ಷಕರೇ ತುಂಬಬೇಕು. ಎಲ್ಲೆಲ್ಲಿ, ಹೇಗೆ ತುಂಬಬೇಕು ಎಂಬುದನ್ನೂ ಸೇರಿಸಿಯೇ ಈ ವಿಮರ್ಶೆ.

ಪಾಠದ ಕಟ್ಟಡ ಸರಳ. ದಿನಬಳಕೆಯ ಒಂದು ಸಣ್ಣ ಸಂಭಾಷಣೆ ಪೋರ್ಚುಗೀಸಿನಲ್ಲಿ ಬರುತ್ತದೆ, ಅದೇ ಮಾತುಗಳು ಸ್ಪ್ಯಾನಿಷಿನಲ್ಲೂ ಬರುತ್ತವೆ. ನಿರೂಪಕರು ಎರಡನ್ನೂ ಪಕ್ಕಪಕ್ಕ ಇಟ್ಟು ಆ ಪಾಠದ ದನಿಯನ್ನು ಬಿಡಿಸಿ ಹೇಳುತ್ತಾರೆ. ಸಂಭಾಷಣೆಯಲ್ಲಿ ಬಂದ ಬ್ರೆಜಿಲ್ ಮತ್ತು ಅಮೆರಿಕದ ರೂಢಿಗಳ ವ್ಯತ್ಯಾಸದ ಬಗ್ಗೆಯೂ ಸ್ವಲ್ಪ ಮಾತುಕತೆ ಇರುತ್ತದೆ. ಈ ಪಕ್ಕಪಕ್ಕದ ಜೋಡಣೆಯೇ ಸರಣಿಯ ನಿಜವಾದ ಬಲ. ಸ್ಪ್ಯಾನಿಷ್ ಕಿವಿ ಪೋರ್ಚುಗೀಸ್ ದನಿಯನ್ನು ತನಗೆ ಗೊತ್ತಿರುವ ದನಿಯ ಅಚ್ಚಿಗೆ ಹಾಕಿಯೇ ಕೇಳುತ್ತದೆ. ಎರಡನ್ನೂ ಬೆನ್ನುಬೆನ್ನಿಗೆ ಕೇಳಿದಾಗ ಮಾತ್ರ ಅಚ್ಚಿಗೆ ಹೊಂದದೆ ಉಳಿದ ಚೂರು ಗಮನಕ್ಕೆ ಬರುತ್ತದೆ.

ಮುಂದೆ ಬರುವ ಉದಾಹರಣೆಗಳ ಬರವಣಿಗೆ ಹೀಗಿದೆ: ಜ಼ ಎಂಬುದು ಸಕಾರಕ್ಕೆ ಗಂಟಲಿನ ನಾದ ಸೇರಿದ ದನಿ. ಚಂದ್ರಬಿಂದು ಇದ್ದರೆ ಸ್ವರವೇ ಮೂಗಿನಿಂದ ಬರುತ್ತದೆ, ಕೊನೆಯಲ್ಲಿ ನಕಾರವಿಲ್ಲ. ಬಾಯಿ ಹೆಚ್ಚು ತೆರೆದು ಆಡುವ ವಿವೃತ ಸ್ವರಗಳಿಗೆ ಎ, ಒ ಎಂದೂ ಬಾಯಿ ಕಿರಿದಾಗಿಸಿ ಆಡುವ ಸಂವೃತ ಸ್ವರಗಳಿಗೆ ಏ, ಓ ಎಂದೂ ಬರೆದಿದ್ದೇವೆ. ಇಲ್ಲಿ ವ್ಯತ್ಯಾಸ ಬಾಯಿಯ ಅಗಲದ್ದು, ಹ್ರಸ್ವ ದೀರ್ಘದ್ದಲ್ಲ.

ಮೂಗಿನ ಸ್ವರಗಳಿಂದಲೇ ಶುರುಮಾಡಬೇಕು. ಪೋರ್ಚುಗೀಸಿನಲ್ಲಿ ಪಾಁವ್ ಎಂದರೆ ಬ್ರೆಡ್, ಪಾವ್ ಎಂದರೆ ಕೋಲು. ಎರಡನೆಯದಕ್ಕೆ ಬೀದಿಮಾತಿನಲ್ಲಿ ಅಶ್ಲೀಲ ಅರ್ಥವೂ ಇರುವುದರಿಂದ ಅಂಗಡಿಯಲ್ಲಿ ಈ ತಪ್ಪು ಮುಜುಗರ ತರುತ್ತದೆ. ಸ್ಪ್ಯಾನಿಷಿನಲ್ಲಿ ಬ್ರೆಡ್ಡಿಗೆ ಪಾನ್. ಅಲ್ಲಿ ಮೂಗಿನ ಕೆಲಸವೆಲ್ಲ ಕೊನೆಯ ವ್ಯಂಜನದ್ದು, ಸ್ವರ ಬಹುಮಟ್ಟಿಗೆ ಬಾಯಿಯದು. ಪೋರ್ಚುಗೀಸಿನಲ್ಲಿ ವ್ಯಂಜನವೇ ಇಲ್ಲ, ಸ್ವರವೇ ಮೂಗಿನದು. ಆದ್ದರಿಂದ ಕಲಿಯುವವರು ಎರಡರಲ್ಲೊಂದು ತಪ್ಪು ಮಾಡುತ್ತಾರೆ: ಕೊನೆಗೊಂದು ನಕಾರ ಸೇರಿಸಿ ‘ಪಾವ್ನ್’ ಎನ್ನುತ್ತಾರೆ, ಇಲ್ಲವೇ ಮೂಗನ್ನು ಪೂರ್ತಿ ಬಿಟ್ಟು ‘ಪಾವ್’ ಎನ್ನುತ್ತಾರೆ. ಬರಹದಲ್ಲಿ ಕೊನೆಗೆ ‘ಎಮ್’ ಇರುವ ಪದಗಳಲ್ಲಿ ಗೊಂದಲ ಇನ್ನೂ ಹೆಚ್ಚು. ಸ್ಪ್ಯಾನಿಷಿನಲ್ಲಿ ಪದದ ಕೊನೆಯ ಮಕಾರ ಸಾಮಾನ್ಯವಾಗಿ ನಕಾರವಾಗುವುದರಿಂದ ‘ಒಳ್ಳೆಯದು’ ಎಂಬ ಅರ್ಥದ ಬೋಁ ಅವರ ಬಾಯಲ್ಲಿ ‘ಬೋನ್’ ಆಗುತ್ತದೆ. ಸರಿಯಾದ ಉಚ್ಚಾರಣೆಯಲ್ಲಿ ತುಟಿಯೂ ಮುಚ್ಚುವುದಿಲ್ಲ, ನಾಲಿಗೆಯೂ ಮೇಲೆ ತಾಗುವುದಿಲ್ಲ.

ಪರೀಕ್ಷಿಸಲು ಎರಡು ಬೆರಳು ಸಾಕು. ಆ ಎಂದು ಎಳೆಯುತ್ತಾ ಮೂಗು ಹಿಡಿದು ಬಿಡಿ, ದನಿ ಬದಲಾಗುವುದಿಲ್ಲ. ಆಁ ಎಂದು ಎಳೆಯುತ್ತಾ ಹಿಡಿದರೆ ದನಿ ಕಟ್ಟಿದಂತಾಗುತ್ತದೆ. ಬದಲಾಗದಿದ್ದರೆ ಮೂಗಿನ ದಾರಿ ತೆರೆದಿಲ್ಲವೆಂದೇ ಅರ್ಥ. ದಾರಿ ತೆರೆದ ಮೇಲೆ ನಾಲಿಗೆ ತುದಿಯ ಕಾವಲು: ತುದಿಯನ್ನು ಕೆಳಹಲ್ಲುಗಳ ಹಿಂಬದಿಗೆ ಒತ್ತಿಟ್ಟುಕೊಂಡೇ ಪಾಁವ್, ಮಾಁವ್, ನಾಁವ್ ಹೇಳಿಸಿ. ತುದಿ ಕದಲಿದರೆ ನಕಾರ ನುಸುಳಿದೆ ಎಂದು ತಿಳಿಯಿರಿ.

ಎಲ್ಲ ಸ್ಪ್ಯಾನಿಷ್ ಒಂದೇ ಅಲ್ಲ ಎಂಬುದು ಇಲ್ಲಿ ಶಿಕ್ಷಕರ ನೆರವಿಗೆ ಬರುತ್ತದೆ. ಕ್ಯೂಬಾ, ಪೋರ್ಟೊ ರಿಕೊ ಕಡೆಯವರ ಮಾತಿನಲ್ಲಿ ಪದದ ಕೊನೆಯ ನಕಾರ ಹಿಂದೆ ಸರಿದು ಙಕಾರವಾಗುತ್ತದೆ, ಅದರ ಹಿಂದಿನ ಸ್ವರಕ್ಕೂ ಮೂಗು ತಗಲುತ್ತದೆ. ಅವರು ತಮ್ಮದೇ ‘ಪಾಙ್’ ಹೇಳಿ ಕೊನೆಯಲ್ಲಿ ನಾಲಿಗೆಯ ಹಿಂಭಾಗವನ್ನು ಸಡಿಲ ಬಿಟ್ಟರೆ ಸಾಕು, ಪೋರ್ಚುಗೀಸ್ ಸ್ವರ ಕೈಗೆಟುಕುತ್ತದೆ. ಮೆಕ್ಸಿಕೊ ನಗರದವರಿಗೆ, ಮ್ಯಾಡ್ರಿಡ್‌ನವರಿಗೆ ಆ ಅನುಕೂಲವಿಲ್ಲ. ಅವರಿಂದ ‘ಮಾನೊ’ ಎಂಬ ಅವರದೇ ಪದ ಹೇಳಿಸಿ, ಮಕಾರ ನಕಾರಗಳ ನಡುವೆ ಸಿಕ್ಕಿ ಸ್ವಲ್ಪ ಮೂಗಾಗಿರುವ ಆ ಸ್ವರವನ್ನೇ ಹಿಡಿದು ಎಳೆಸಿ, ನಕಾರಕ್ಕೆ ಹೋಗದಂತೆ ತಡೆಯಬೇಕು. ‘ಬಹಳ’ ಎಂಬ ಅರ್ಥದ ಮೂಁಯ್ತು ಪದವನ್ನು ಮಾತ್ರ ಬಾಯಿಪಾಠ ಮಾಡಿಸಿ. ಬರಹದಲ್ಲಿ ಮೂಗಿನ ಗುರುತೇ ಇಲ್ಲ, ಆದರೂ ಅದು ಮೂಗಿನದೇ.

ಎರಡನೆಯದು ಜ಼. ಕಾಜ಼ ಎಂದರೆ ಮನೆ, ಕಾಸ ಎಂದರೆ ಬೇಟೆ. ಸ್ಪ್ಯಾನಿಷಿನಲ್ಲಿ ಅರ್ಥ ಬದಲಿಸುವ ಜ಼ಕಾರವಿಲ್ಲ, ಆದ್ದರಿಂದ ಎಲ್ಲವೂ ಕಾಸವೇ. ಇದು ಅವರಿಗೆ ಪೂರ್ತಿ ಹೊಸದು ಎಂದು ಹಲವು ಶಿಕ್ಷಕರು ತಿಳಿಯುತ್ತಾರೆ. ನಿಜವೆಂದರೆ ಅವರ ಬಾಯಲ್ಲಿ ಆಗಲೇ ಇದೆ, ಅವರಿಗೆ ಗೊತ್ತಿಲ್ಲ ಅಷ್ಟೆ. ‘ಅದೇ’ ಎಂಬ ಅರ್ಥದ ಮಿಸ್ಮೊ, ‘ಇಂದ’ ಎಂಬ ಅರ್ಥದ ದೆಸ್ದೆ ಪದಗಳನ್ನು ಸಹಜ ವೇಗದಲ್ಲಿ ಆಡಿದಾಗ ಸಕಾರ ಮುಂದಿನ ಘೋಷ ವ್ಯಂಜನದ, ಅಂದರೆ ಗಂಟಲಿನ ನಾದವಿರುವ ವ್ಯಂಜನದ, ಪ್ರಭಾವದಿಂದ ತಾನೂ ಘೋಷವಾಗುತ್ತದೆ. ಕೊರಳಿನ ಮೇಲೆ ಅಂಗೈ ಇಡಿಸಿ, ಮಿಸ್ಮೊ ಎಂದು ಬೇಗ ಹೇಳಿಸಿ, ಕಂಪನ ನಿಲ್ಲದಿರುವುದನ್ನು ತೋರಿಸಿ. ಆಮೇಲೆ ಆ ಸಕಾರವನ್ನು ಎರಡು ಮೂರು ಸೆಕೆಂಡು ಹಿಗ್ಗಿಸಿ, ಮುಂದಿನದನ್ನು ಕತ್ತರಿಸಿ ಅಕಾರ ಜೋಡಿಸಿ. ಕೆಡುವುದು ಹಿಗ್ಗಿಸುವಾಗ: ನಿಧಾನಿಸಿದ ಕೂಡಲೇ ಜನ ‘ಶುದ್ಧ’ ಸಕಾರಕ್ಕೆ ಮರಳುತ್ತಾರೆ, ಕಂಪನ ಸಾಯುತ್ತದೆ. ಅದಕ್ಕೇ ಬೇಗ ಹೇಳುವುದು ಮೊದಲು, ಹಿಗ್ಗಿಸುವುದು ಆಮೇಲೆ. ಆಂಡಲೂಸಿಯ, ಕೆರಿಬಿಯನ್ ಕಡೆ ಈ ಸಕಾರ ಹಕಾರವಾಗಿ ಕರಗುವುದರಿಂದ ಅವರಿಗೆ ಈ ಉಪಾಯ ಹಿಡಿಯುವುದಿಲ್ಲ. ಅವರಿಂದ ದುಂಬಿಯ ಝೇಂಕಾರವನ್ನೇ ಅನುಕರಿಸಿ ಶುರುಮಾಡಿಸಿ.

ದನಿ ಬಂದ ಮೇಲೆ ಎಲ್ಲಿ ಬಳಸಬೇಕು ಎಂಬ ಪ್ರಶ್ನೆ. ಎರಡು ಸ್ವರಗಳ ನಡುವೆ ಒಂದೇ ‘ಎಸ್’ ಇದ್ದರೆ ಜ಼. ಜೋಡಿ ‘ಎಸ್’ ಇದ್ದರೆ, ಕೊಕ್ಕೆಯ ‘ಸಿ’ ಇದ್ದರೆ ಸ. ಪದದ ಕೊನೆಯ ಸಕಾರವೂ ಮುಂದಿನ ಪದ ಸ್ವರದಿಂದ ಶುರುವಾದರೆ ಜ಼ ಆಗುತ್ತದೆ: ‘ಉಸ್’ ಮತ್ತು ‘ಅಮೀಗುಸ್’ ಸೇರಿ ‘ಉಜ಼ಮೀಗುಸ್’. ಪದಗಳನ್ನು ಬಿಡಿಬಿಡಿಯಾಗಿ ಕಲಿತವರು ಇಲ್ಲೇ ಎಡವುತ್ತಾರೆ. ಇಡೀ ಸಂಭಾಷಣೆಯ ಮೂಲಕ ಕೇಳಿಸುವ ‘ತಾ ಫ಼ಲಾದು’ ಪದಪಟ್ಟಿಗಳಿಗಿಂತ ಮೇಲು ಅನ್ನಿಸುವುದೂ ಇಲ್ಲೇ.

ಇನ್ನು ವಿವೃತ ಮತ್ತು ಸಂವೃತ ಸ್ವರಗಳು. ಸ್ಪ್ಯಾನಿಷಿಗೆ ಐದು ಸ್ವರ. ಬ್ರೆಜಿಲ್‌ನ ಪೋರ್ಚುಗೀಸಿನಲ್ಲಿ ಒತ್ತು ಬಿದ್ದ ಜಾಗದಲ್ಲಿ ಬಾಯಿಯ ಸ್ವರಗಳೇ ಏಳು, ಮೂಗಿನವು ಐದು ಬೇರೆ. ಅವೋ ಎಂದರೆ ಅಜ್ಜ, ಅವೊ ಎಂದರೆ ಅಜ್ಜಿ. ವಿವೃತ ಒ ಅಂದರೆ ನಾವು ಆಡುಮಾತಿನಲ್ಲಿ ಡಾಕ್ಟರ್ ಎನ್ನುವಾಗ ಬರುವ ಮೊದಲ ಸ್ವರಕ್ಕೆ ಹತ್ತಿರ, ವಿವೃತ ಎ ಬ್ಯಾಗ್ ಎಂಬುದರ ಸ್ವರದತ್ತ ಸ್ವಲ್ಪ ವಾಲಿದ್ದು. ಸ್ಪ್ಯಾನಿಷ್ ಕಿವಿಗೆ ಎರಡೂ ಒಂದೇ ಖಾನೆಗೆ ಬೀಳುತ್ತವೆ. ಹೆಚ್ಚಿನ ಪದಗಳಲ್ಲಿ ಬರಹವೂ ಸುಳಿವು ಕೊಡುವುದಿಲ್ಲ: ಬಾಯಾರಿಕೆ ಎಂಬ ಅರ್ಥದ ಪದಕ್ಕೂ ಕೇಂದ್ರ ಕಚೇರಿ ಎಂಬ ಅರ್ಥದ ಪದಕ್ಕೂ ಕಾಗುಣಿತ ಒಂದೇ, ಮೊದಲನೆಯದು ಸೇಜಿ, ಎರಡನೆಯದು ಸೆಜಿ.

ಹಾಗಾದರೆ ಯಾವ ಪದದಲ್ಲಿ ಯಾವುದು? ಸ್ಪ್ಯಾನಿಷ್ ಬಲ್ಲವರ ಬಳಿ ಇದಕ್ಕೊಂದು ಕೀಲಿಕೈ ಇದೆ, ಬೇರೆ ಭಾಷೆಯವರಿಗೆ ಸಿಗದ್ದು. ಸ್ಪ್ಯಾನಿಷ್ ಪದದಲ್ಲಿ ‘ಇಯೆ’ ಅಥವಾ ‘ಉವೆ’ ಎಂಬ ಜೋಡಿಸ್ವರ ಇದ್ದರೆ ಅದರ ಪೋರ್ಚುಗೀಸ್ ಜೊತೆಗಾರ ಪದದಲ್ಲಿ ಸಾಮಾನ್ಯವಾಗಿ ವಿವೃತ ಸ್ವರ. ಏಳು: ಸಿಯೆತೆ, ಸೆಚಿ. ಕಲ್ಲು: ಪಿಯೆದ್ರ, ಪೆದ್ರ. ಹಬ್ಬ: ಫ಼ಿಯೆಸ್ತ, ಫ಼ೆಸ್ತ. ಬಾಗಿಲು: ಪುವೆರ್ತ, ಪೊರ್ತ. ಒಂಬತ್ತು: ನುವೆವೆ, ನೊವಿ. ಜೋಡಿಸ್ವರ ಇಲ್ಲದಿದ್ದರೆ ಬಹುಮಟ್ಟಿಗೆ ಸಂವೃತ: ಮೂರಕ್ಕೆ ತ್ರೇಸ್, ತಿಂಗಳಿಗೆ ಮೇಸ್, ಬಾಯಿಗೆ ಬೋಕ. ಎರಡೂ ಭಾಷೆಗಳು ಒಂದೇ ಲ್ಯಾಟಿನ್ ಸ್ವರವನ್ನು ಬೇರೆ ಬೇರೆ ದಾರಿಯಲ್ಲಿ ಕೊಂಡೊಯ್ದದ್ದರ ಫಲ ಇದು: ಲ್ಯಾಟಿನ್ನಿನ ವಿವೃತ ಸ್ವರ ಸ್ಪ್ಯಾನಿಷಿನಲ್ಲಿ ಒಡೆದು ಎರಡಾಯಿತು, ಪೋರ್ಚುಗೀಸಿನಲ್ಲಿ ವಿವೃತವಾಗಿಯೇ ಉಳಿಯಿತು.

ಅಪವಾದಗಳಿಗೂ ಕಾರಣವಿದೆ. ಕೊನೆಯಲ್ಲಿ ಉಕಾರ ಕೇಳಿಸುವ ಪುಲ್ಲಿಂಗ ಪದಗಳಲ್ಲಿ ಆ ಕೊನೆಯ ಸ್ವರ ಹಿಂದಿನದನ್ನು ಕಿರಿದುಮಾಡಿದೆ. ಮೊಟ್ಟೆ ಸ್ಪ್ಯಾನಿಷಿನಲ್ಲಿ ಉವೆವೊ, ಪೋರ್ಚುಗೀಸಿನಲ್ಲಿ ಸಂವೃತದ ಓವು. ಬಹುವಚನಕ್ಕೆ ಹೋದರೆ ಮತ್ತೆ ವಿವೃತ, ಒವುಸ್. ದೇಹಕ್ಕೂ ಹಾಗೆಯೇ: ಕೋರ್ಪು, ಕೊರ್ಪುಸ್. ಹೊಸದು ಎಂಬ ವಿಶೇಷಣ ಪುಲ್ಲಿಂಗ ಏಕವಚನದಲ್ಲಿ ಮಾತ್ರ ಸಂವೃತ, ಸ್ತ್ರೀಲಿಂಗದಲ್ಲೂ ಬಹುವಚನದಲ್ಲೂ ವಿವೃತ. ಇನ್ನು ಮೂಗಿನ ಸ್ವರವಾದರೆ ವಿವೃತದ ಮಾತೇ ಇಲ್ಲ: ಕಾಲ ಎಂಬ ಅರ್ಥದ ತಿಯೆಂಪೊ ಇಲ್ಲಿ ತೇಁಪು. ಹೆದರಿಕೆ ಎಂಬ ಅರ್ಥದ ಮಿಯೆದೊಗೂ ಪೋರ್ಚುಗೀಸಿನಲ್ಲಿ ಸಂವೃತವೇ, ಮೇದು.

ಬಾಯಿಗೆ ತರಿಸುವಾಗ ಅಳತೆ ಕೊಡಿ. ವಿವೃತಕ್ಕೆ ಮೇಲಿನ ಕೆಳಗಿನ ಹಲ್ಲುಗಳ ನಡುವೆ ತೋರುಬೆರಳ ತುದಿ ಆರಾಮಾಗಿ ಕೂರಬೇಕು, ಸಂವೃತಕ್ಕೆ ಕೂರಬಾರದು. ಇಲ್ಲಿ ಆಗುವ ತಪ್ಪುಗಳು ಎರಡು ಬಗೆ. ಕೆಲವರು ದವಡೆ ಇಳಿಸುವ ಬದಲು ಸ್ವರವನ್ನು ಎಳೆಯುತ್ತಾರೆ. ಇನ್ನು ಕೆಲವರು ಪೆದ್ರ ಹೇಳಹೋಗಿ ಪಿಯೆದ್ರಕ್ಕೆ ಜಾರುತ್ತಾರೆ, ಕೀಲಿಕೈಯನ್ನು ಅತಿಯಾಗಿ ನೆನಪಿಟ್ಟುಕೊಂಡ ಪರಿಣಾಮ. ಅದಕ್ಕೆ ಪದವನ್ನು ಬಿಟ್ಟು ‘ಪೆ, ಪೆ, ಪೆ’ ಎಂದು ಒಂದೇ ಅಕ್ಷರ ಹೇಳಿಸಿ ಆಮೇಲೆ ಪದಕ್ಕೆ ಬನ್ನಿ.

ಸ್ವರಗಳ ಈ ಜೋಡಿಯನ್ನು ಮೊದಲ ವಾರದಲ್ಲೇ ಹೇರುವ ಶಿಕ್ಷಕರಿದ್ದಾರೆ, ಪಠ್ಯಪುಸ್ತಕಗಳು ಸ್ವರಗಳಿಂದ ಶುರುವಾಗುತ್ತವೆ ಎಂಬ ಕಾರಣಕ್ಕೆ. ನಮಗೆ ಇದು ಒಪ್ಪಿಗೆಯಿಲ್ಲ. ಏ ಬದಲು ಎ ಅಂದರೆ ಸಂದರ್ಭದಿಂದ ಅರ್ಥವಾಗುತ್ತದೆ. ಮೂಗು ತಪ್ಪಿದರೆ, ಜ಼ ತಪ್ಪಿದರೆ ಕೇಳುವವರು ಮಾತಿನ ನಡುವೆ ನಿಂತುಬಿಡುತ್ತಾರೆ. ಆದ್ದರಿಂದ ಮೂಗು, ಜ಼ ಮೊದಲು, ವಿವೃತ ಸಂವೃತಗಳು ಕಿವಿ ಸ್ವಲ್ಪ ಪಳಗಿದ ಮೇಲೆ. ಪಾಡ್‌ಕಾಸ್ಟಿನ ಕ್ರಮವನ್ನೇ ಅನುಸರಿಸಬೇಕೆಂಬ ಕಟ್ಟುಪಾಡಿಲ್ಲ. ಪ್ರತಿ ಪಾಠವೂ ಸ್ವತಂತ್ರವಾಗಿ ನಿಲ್ಲುವುದರಿಂದ ಹಿಂದುಮುಂದು ಮಾಡಿಕೊಳ್ಳಲು ಅಡ್ಡಿಯಿಲ್ಲ.

ಬ, ದ, ಗ ಬಗ್ಗೆ ಒಂದು ಎಚ್ಚರಿಕೆ. ಸ್ಪ್ಯಾನಿಷಿನಲ್ಲಿ ಎರಡು ಸ್ವರಗಳ ನಡುವೆ ಇವು ಮೆತ್ತಗಾಗುತ್ತವೆ, ತುಟಿಯಾಗಲಿ ನಾಲಿಗೆಯಾಗಲಿ ಪೂರ್ತಿ ತಾಗುವುದಿಲ್ಲ. ಬ್ರೆಜಿಲ್‌ನ ಪೋರ್ಚುಗೀಸಿನಲ್ಲಿ ಪೂರ್ತಿ ತಾಗಬೇಕು. ಸ್ಪ್ಯಾನಿಷಿನಲ್ಲಿ ‘ಬಿ’ ಮತ್ತು ‘ವಿ’ ಅಕ್ಷರಗಳಿಗೆ ದನಿಯೂ ಒಂದೇ. ಪೋರ್ಚುಗೀಸಿನ ವಕಾರಕ್ಕೆ ಮೇಲಿನ ಹಲ್ಲು ಕೆಳತುಟಿಗೆ ಉಜ್ಜಬೇಕು, ನಮ್ಮ ಸಡಿಲ ವಕಾರವೂ ಇದಕ್ಕೆ ಸಾಲದು. ಕನ್ನಡಿ ಮುಂದೆ ಬೆಲ, ವೆಲ ಎಂಬಂಥ ಜೋಡಿ ಹೇಳಿಸಿದರೆ ಹಲ್ಲು ಕಾಣುತ್ತದೋ ಇಲ್ಲವೋ ಅವರಿಗೇ ಗೊತ್ತಾಗುತ್ತದೆ.

ಉಳಿದವು ಬೇಗ ಬರುತ್ತವೆ. ಪದದ ಮೊದಲ ರಕಾರವೂ ಜೋಡಿ ರಕಾರವೂ ಬಹುತೇಕ ಬ್ರೆಜಿಲ್‌ನಲ್ಲಿ ಹಕಾರದಂತೆ: ಇಲಿಗೆ ಹಾತು, ಕಾರಿಗೆ ಕಾಹು. ‘ದುಬಾರಿ’ ಎಂಬ ಅರ್ಥದ ‘ಕಾರು’ ಪದದಲ್ಲಿ ಮಾತ್ರ ಒಂಟಿ ರಕಾರ. ಸ್ಪ್ಯಾನಿಷಿನ ‘ಹೋತ’ ಅಕ್ಷರದ ದನಿ ಸಿದ್ಧವಾಗಿಯೇ ಇದೆ, ಮ್ಯಾಡ್ರಿಡ್‌ನವರು ಅದರ ಒರಟನ್ನು ಸ್ವಲ್ಪ ಇಳಿಸಿಕೊಳ್ಳಬೇಕಷ್ಟೆ. ಸ್ಪ್ಯಾನಿಷ್ ಮಾದರಿಯ ಅದುರುವ ರಕಾರ ರಿಯೊ ಗ್ರಾಂಡೆ ದೊ ಸುಲ್ ಕಡೆ ಈಗಲೂ ಕೇಳಿಬರುವುದರಿಂದ ಅದನ್ನು ಬಿಡಿಸಲು ವಾರಗಟ್ಟಲೆ ಖರ್ಚು ಮಾಡಬೇಡಿ. ಪದದ ಕೊನೆಯ ಲಕಾರ ಉಕಾರದತ್ತ ಕರಗುತ್ತದೆ: ಬ್ರಜ಼ೀವ್. ತಿ, ದಿ ದನಿಗಳು ಚಿ, ಜಿ ಆಗುತ್ತವೆ: ದಿನಕ್ಕೆ ಜೀಅ, ನಗರಕ್ಕೆ ಸಿದಾಜಿ. ಚಿ ಅವರಲ್ಲಿದೆ. ಜಿ ಬೇಕೆಂದರೆ ಚುಚ್ಚುಮದ್ದು ಎಂಬ ಅರ್ಥದ ಅವರದೇ ‘ಇನ್ಯೆಕ್ಸಿಯೊನ್’ ಪದದ ನಕಾರದ ಮುಂದಿನ ದನಿಯಿಂದ ಶುರುಮಾಡಿ. ರೆಸಿಫೆಯಂಥ ಕಡೆ ತಿ, ದಿ ಹಾಗೇ ಉಳಿಯುತ್ತವೆ, ಅದು ತಪ್ಪಲ್ಲ ಎಂದು ಹೇಳಲು ಮರೆಯಬೇಡಿ. ಶಕಾರ ಬ್ಯೂನಸ್ ಐರಿಸ್‌ನವರಿಗೆ ಕೊಟ್ಟ ವರ, ಉಳಿದವರಿಗೆ ಅಭ್ಯಾಸ ಬೇಕು. ‘ಶಾಂತ’ ಎಂಬ ಅರ್ಥದ ಪದ ಎರಡು ಭಾಷೆಯಲ್ಲೂ ಒಂದೇ ಕಾಗುಣಿತದಲ್ಲಿದ್ದರೂ ಪೋರ್ಚುಗೀಸಿನಲ್ಲಿ ನಡುವಿನ ಉಕಾರ ಕೇಳಿಸುತ್ತದೆ, ಸ್ಪ್ಯಾನಿಷಿನಲ್ಲಿಲ್ಲ. ಹಿಂದೆ ಬ್ರೆಜಿಲ್‌ನಲ್ಲಿ ಆ ಉಕಾರದ ಮೇಲೆ ಎರಡು ಚುಕ್ಕೆ ಇಡುತ್ತಿದ್ದರು. 1990ರ ಕಾಗುಣಿತ ಒಪ್ಪಂದ 2009ರಲ್ಲಿ ಅಲ್ಲಿ ಜಾರಿಗೆ ಬಂದಾಗ ಚುಕ್ಕೆಗಳು ಹೋದವು, ಕಲಿಯುವವರಿಗೆ ಇದ್ದ ಒಂದು ಒಳ್ಳೆಯ ಸುಳಿವೂ ಹೋಯಿತು.

ತರಗತಿಯಲ್ಲಿ ಒಂದು ಪಾಠವನ್ನು ಹೀಗೆ ಬಳಸಿ. ಬರಹರೂಪವನ್ನು ಮುಚ್ಚಿಟ್ಟು ಸಂಭಾಷಣೆಯನ್ನು ಎರಡು ಸಲ ಕೇಳಿಸಿ. ಬರಹ ಕಣ್ಣಿಗೆ ಬಿದ್ದ ತಕ್ಷಣ ಸ್ಪ್ಯಾನಿಷ್ ಓದು ಕಿವಿಯನ್ನು ಮುಚ್ಚುತ್ತದೆ. ನಂತರ ಆ ದಿನದ ದನಿಯ ಹತ್ತು ಜೋಡಿಪದಗಳನ್ನು ಕ್ರಮ ಕೆಡಿಸಿ ಕೇಳಿಸಿ, ಮೊದಲನೆಯದೋ ಎರಡನೆಯದೋ ಎಂದು ಗುರುತು ಹಾಕಿಸಿ. ಹತ್ತಕ್ಕೆ ಎಂಟು ಸರಿ ಬರುವವರೆಗೆ ಬಾಯಿಗೆ ಕೆಲಸ ಕೊಡಬೇಡಿ. ಈ ಪದಗಳಿಗೆ ಫ಼ೋರ್ವೊ ಜಾಲತಾಣ ಒಳ್ಳೆಯದು: ಆ ಭಾಷೆಯಲ್ಲೇ ಬೆಳೆದವರು ಒಂದೊಂದೇ ಪದ ಹೇಳಿ ಸೇರಿಸಿರುತ್ತಾರೆ, ಹೇಳಿದವರ ದೇಶವೂ ಕಾಣುತ್ತದೆ. ಧ್ವನಿಮುದ್ರಣದ ಗುಣಮಟ್ಟ ಒಂದರಂತೆ ಇನ್ನೊಂದಿರುವುದಿಲ್ಲ, ಆದ್ದರಿಂದ ಒಂದು ಪದಕ್ಕೆ ಇಬ್ಬರು ಮೂವರ ದನಿ ಆರಿಸಿಕೊಳ್ಳಿ. ಕೊನೆಗೆ ಬರಹ ತೆರೆದು, ಸಾಲಿನಲ್ಲಿ ದನಿ ಬರುವ ಜಾಗಗಳಿಗೆ ಗೆರೆ ಎಳೆಸಿ, ಓದಿಸಿ, ಮುದ್ರಿಸಿಕೊಳ್ಳಿ.

ಮುದ್ರಿಸಿದ್ದನ್ನು ಪರೀಕ್ಷಿಸಲು ಆಮ್‌ಸ್ಟರ್‌ಡಾಮ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಪ್ರಾಟ್ ಎಂಬ ಉಚಿತ ತಂತ್ರಾಂಶವಿದೆ. ಕಾಜ಼ ಹೇಳಿದ್ದನ್ನು ತೆರೆದು ಸ್ವರಶ್ರುತಿಯ ನೀಲಿ ಗೆರೆಯನ್ನು ನೋಡಿ: ನಡುವಿನ ವ್ಯಂಜನದಲ್ಲೂ ಗೆರೆ ಮುಂದುವರಿದರೆ ಜ಼, ತುಂಡಾದರೆ ಸ. ವಿವೃತ ಸಂವೃತಗಳಿಗೆ ಮೊದಲ ಫ಼ಾರ್ಮೆಂಟ್, ಅಂದರೆ ಬಾಯಿಯ ಆಕಾರದಿಂದ ದನಿಯಲ್ಲಿ ಬಲಗೊಳ್ಳುವ ಕಂಪನಾಂಕಗಳಲ್ಲಿ ಮೊದಲನೆಯದನ್ನು, ನೋಡಬೇಕು. ಬಾಯಿ ತೆರೆದಷ್ಟೂ ಅದು ಮೇಲೇರುತ್ತದೆ. ಗರಿಷ್ಠ ಫ಼ಾರ್ಮೆಂಟ್ ಮಿತಿಯನ್ನು ಹೆಂಗಸರ ದನಿಗೆ 5500 ಹರ್ಟ್ಜ್, ಗಂಡಸರ ದನಿಗೆ 5000 ಹರ್ಟ್ಜ್ ಎಂದು ಇಡಿ. ಇದನ್ನು ಬದಲಿಸದೆ ಬಿಟ್ಟರೆ ಗಂಡಸರ ಅಳತೆಗಳು ದಾರಿತಪ್ಪಿಸಬಹುದು. ಒಬ್ಬರ ಅಂಕಿಯನ್ನು ಇನ್ನೊಬ್ಬರದರ ಜೊತೆ ಹೋಲಿಸಬೇಡಿ, ಒಬ್ಬರದೇ ಎರಡು ಸ್ವರಗಳ ಅಂತರ ಮಾತ್ರ ಮುಖ್ಯ. ಮೂಗಿನ ಸ್ವರಗಳಿಗೆ ಪ್ರಾಟ್‌ನ ಚಿತ್ರ ಓದುವುದು ಕಷ್ಟ, ಬೆರಳಿನ ಪರೀಕ್ಷೆಯೇ ಮೇಲು.

ಸರಣಿಯ ಕುಂದುಗಳನ್ನೂ ಹೇಳಬೇಕು. ವಿವರಣೆಯೆಲ್ಲ ಇಂಗ್ಲಿಷಿನಲ್ಲಿ. ಅಮೆರಿಕದ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಗೆ ಅದು ಸಹಜ, ಆದರೆ ಬೊಗೊಟಾದಲ್ಲೋ ಲಿಮಾದಲ್ಲೋ ಇಂಗ್ಲಿಷ್ ಇಲ್ಲದೆ ಪೋರ್ಚುಗೀಸ್ ಕಲಿಯುವವರು ಸಂಭಾಷಣೆಗಳನ್ನಷ್ಟೇ ಬಳಸಿಕೊಳ್ಳಬೇಕಾಗುತ್ತದೆ. ಅಂಥವರಿಗೆ ಶಿಕ್ಷಕರು ಸಂಭಾಷಣೆಯನ್ನು ಕತ್ತರಿಸಿ ತೆಗೆದು, ವಿವರಣೆಯನ್ನು ಸ್ಪ್ಯಾನಿಷಿನಲ್ಲಿ ತಾವೇ ಕೊಡುವುದು ಒಳ್ಳೆಯದು. ಹರಟೆಯ ಭಾಗ ಒಂಟಿಯಾಗಿ ಕೇಳುವವರಿಗೆ ಹಿತ, ತರಗತಿಯಲ್ಲಿ ಸಮಯ ತಿನ್ನುತ್ತದೆ. ಉಚ್ಚಾರಣೆಯನ್ನು ತಾಳ್ಮೆಯಿಂದ, ಬೆದರಿಸದೆ, ಪರಿಭಾಷೆಯ ಹೊರೆಯಿಲ್ಲದೆ ಹೇಳುವ ರೀತಿ ಮಾತ್ರ ಮೆಚ್ಚಲೇಬೇಕಾದದ್ದು.

ಪೋರ್ಚುಗಲ್‌ಗೆ ಹೊರಟವರಿಗೆ ಈ ಸರಣಿ ಹೊಂದುವುದಿಲ್ಲ. ಅಲ್ಲಿ ಒತ್ತಿಲ್ಲದ ಸ್ವರಗಳು ಕುಗ್ಗಿ ಮಾಯವಾಗುವಷ್ಟಾಗುತ್ತವೆ, ಪದದ ಕೊನೆಯ ಸಕಾರ ಶಕಾರವಾಗುತ್ತದೆ, ತಿ ದಿ ಬದಲಾಗುವುದಿಲ್ಲ. ಬ ದ ಗ ಸ್ವರಗಳ ನಡುವೆ ಸ್ಪ್ಯಾನಿಷಿನಂತೆಯೇ ಮೆತ್ತಗಾಗುವುದರಿಂದ ಅದಕ್ಕಾಗಿ ಶ್ರಮಪಡುವ ಅಗತ್ಯವೂ ಇಲ್ಲ. ಅವರು ಫ಼ೋರ್ವೊದಲ್ಲಿ ಪೋರ್ಚುಗಲ್‌ನವರ ದನಿಗಳನ್ನಷ್ಟೇ ಆರಿಸಿ, ಹತ್ತು ಜೋಡಿಗಳ ಕಿವಿಪರೀಕ್ಷೆಗೆ ಬದಲು ಉಕ್ತಲೇಖನದಿಂದ ಶುರುಮಾಡಲಿ: ಕೇಳಿದ ಪದವನ್ನು ಬರೆಯುವುದು, ಬರೆದದ್ದರಲ್ಲಿ ಎಷ್ಟು ಸ್ವರ ಬಿಟ್ಟುಹೋಗಿದೆ ಎಂದು ಎಣಿಸುವುದು.